ಇಬ್ಬರು ಸೊಸೆಯರು ಸಾಕಿದ ಕೋಳಿ

ದೇವಜನರೇ, ಒಂದು ಮನೆಯ ಸುದ್ದಿ ಹೇಳುತ್ತೇನೆ. ಊರು ಯಾವುದು ಅಂತ ಮಾತ್ರ ಕೇಳಬೇಡಿ. ಅನುಕೂಲಸ್ಥರ ಮನೆ. ಒಬ್ಬಳು ಅತ್ತೆ, ಇಬ್ಬರು ಸೊಸೆಯರು, ಹಿತ್ತಲಲ್ಲಿ ಒಂದು ಕೋಳಿ. ಸೊಸೆಯರಿಗೆ ಒಬ್ಬರ ಜೊತೆ ಒಬ್ಬರಿಗೆ ಮಾತಿಲ್ಲ. ಯಾಕೆ ಮಾತು ಬಿಟ್ಟರು? ಒಂದು ಸೀರೆ ವಿಷಯಕ್ಕೆ! ಒಂದೇ ಒಲೆ, ಒಂದೇ ಬಾಗಿಲು, ಮಾತು ಮಾತ್ರ ಇಲ್ಲ. ಅತ್ತೆಗೆ ಮರೆವು. ಇತ್ತೀಚೆಗೆ ತಲೆ ಸುತ್ತು ಬೇರೆ ಹೆಚ್ಚಾಗಿ ಮಂಚ ಹಿಡಿದಿದ್ದಳು. ಕೋಳಿ ಇಟ್ಟ ಮೊಟ್ಟೆ ಆಕೆಗೇ ಮೀಸಲು.

ನಾಯಿ ಕಾಟಕ್ಕೆ ಹೆದರಿ ಕೋಳಿಯನ್ನು ಗೂಡಿನಿಂದ ಬಿಡುತ್ತಲೇ ಇರಲಿಲ್ಲ. ‘ಆ ಸೋಮಾರಿ ಎಲ್ಲಿ ಕಾಳು ಹಾಕ್ತಾಳೆ’ ಎಂದು ಹಿರಿ ಸೊಸೆ ಜೋಳ ಸುರಿದಳು. ‘ಅವಳ ಕೈ ಬಿಗಿ, ಕೋಳಿ ಉಪವಾಸ ಸಾಯುತ್ತೆ’ ಎಂದು ಕಿರಿಯಳು ಅನ್ನ, ಕಡಲೆಕಾಯಿ ಹಿಂಡಿ ಇಟ್ಟಳು. ನೋಡಿ, ಇಬ್ಬರೂ ಪ್ರೀತಿಯಿಂದಲೇ ಹಾಕಿದ್ದು! ಕೋಳಿ ಕೂತಲ್ಲೇ ತಿಂದಿತು, ದುಂಡಗಾಯಿತು. ಬಂದವರೆಲ್ಲ ಏನು ಚೆಂದ ಸಾಕಿದ್ದೀರಿ ಅಂದರು.

ಒಂದು ಬೆಳಿಗ್ಗೆ ಕೋಳಿ ಸತ್ತು ಬಿದ್ದಿತ್ತು.

ಅಯ್ಯಯ್ಯೋ, ಆ ರಂಪ ಏನು ಹೇಳಲಿ! ‘ಇವಳೇ ವಿಷ ಹಾಕಿದ್ದು!’ ಎಂದು ಹಿರಿಯಳು. ‘ಇವಳ ಕೆಟ್ಟ ಕಣ್ಣು ತಾಗಿಯೇ ಸತ್ತಿದ್ದು!’ ಎಂದು ಕಿರಿಯಳು. ಬೀದಿಯೆಲ್ಲ ಬಾಗಿಲಲ್ಲಿ ನಿಂತಿತು. ಹಿರಿಯಳ ಗಂಡ ರೋಸಿಹೋಗಿ ದನದ ಡಾಕ್ಟರನ್ನೇ ಕರೆತಂದ.

ಡಾಕ್ಟರು ಕೋಳಿಯ ಹೊಟ್ಟೆ ಕೊಯ್ದರು. ಒಳಗೆಲ್ಲ ಕೊಬ್ಬು! ಕಡುಗೆಂಪಾಗಿರಬೇಕಾದ ಲಿವರ್ ಬೆಣ್ಣೆಯ ಹಾಗೆ ಹಳದಿ. ಅದೂ ಒಡೆದು ಹೊಟ್ಟೆ ತುಂಬ ರಕ್ತ.

‘ವಿಷಾನೂ ಅಲ್ಲ, ಕಣ್ಣು ತಾಗಿದ್ದೂ ಅಲ್ಲ. ತಿಂದದ್ದು ಅತಿಯಾಗಿದೆ, ಓಡಾಟವೇ ಇಲ್ಲ. ಯಾರಮ್ಮಾ ಇದಕ್ಕೆ ಕಾಳು ಹಾಕ್ತಿದ್ದದ್ದು?’

‘ನಾನು’ ಎಂದರು ಇಬ್ಬರೂ, ಒಟ್ಟಿಗೆ!

ಹಿರಿಯಳು ಗಕ್ಕನೆ ಒಳಗೆ ಅತ್ತೆ ಮಲಗಿದ್ದ ಮಂಚದ ಕಡೆ ತಿರುಗಿದಳು. ‘ಏ... ಅತ್ತೆಯ ಬಿ.ಪಿ. ಮಾತ್ರೆ ನೀನೂ ಕೊಡ್ತಿದ್ದೀಯೇನೇ?’

‘ದಿನಾ ಕೊಡ್ತೀನಲ್ಲಕ್ಕಾ, ನೀವು ಕೊಡಲ್ಲ ಅಂತ...’

‘ಅಯ್ಯೋ ದೇವರೇ! ನಾನೂ ಕೊಡ್ತಿದ್ದೀನಿ ಕಣೇ!’

ಎದೆ ಝಲ್ಲೆನ್ನಲಿಲ್ಲವೇ ನಿಮಗೆ? ಆಗಿಂದಾಗಲೇ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು, ಅತ್ತೆ ಉಳಿದಳು. ಎರಡು ಪಟ್ಟು ಮಾತ್ರೆಗೆ ಬಿ.ಪಿ. ತೀರ ಇಳಿದುಹೋಗಿತ್ತು, ತಲೆ ಸುತ್ತು ಅದರಿಂದಲೇ! ಕೋಳಿ ಅವತ್ತು ಸಾಯದೇ ಇದ್ದಿದ್ದರೆ? ಹೇಳಿ, ಸಾಯದೇ ಇದ್ದಿದ್ದರೆ?

ನಿಮ್ಮ ಹಿತ್ತಲಲ್ಲೂ ಕೋಳಿಗಳಿವೆ. ಕಾಳನ್ನು ಒಬ್ಬರೇ ಅಳೆದು ಹಾಕಿ. ಉಳಿದ ಅನ್ನವನ್ನೆಲ್ಲ ಗೂಡಿಗೆ ಸುರಿಯಬೇಡಿ. ಸೊಪ್ಪು ಕೊಡಿ, ದಿನಾ ಹೊರಗೆ ಬಿಡಿ, ನೆಲ ಕೆದಕಿಕೊಂಡು ಓಡಾಡಲಿ. ನಾಯಿಯ ಭಯವೇ? ಕೋಲು ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ.

ಇದಿಷ್ಟು ಕೋಳಿಗೆ. ನಿಮಗೆ? ಇವತ್ತು ಮನೆಗೆ ಹೋದ ತಕ್ಷಣ ಬಾಯಿ ಬಿಟ್ಟು ಕೇಳಿ: ಕೋಳಿಗೆ ಹಾಕಿದ್ಯಾ? ಅಮ್ಮನಿಗೆ ಮಾತ್ರೆ ಕೊಟ್ಯಾ? ಮಗು ಊಟ ಮಾಡ್ತಾ? ದೊಡ್ಡ ಮಾತೇನೂ ಬೇಡ, ಇಷ್ಟು ಸಾಕು. ಒಂದೇ ಬೆಂಚಿನಲ್ಲಿ ಕೂತು ಮುಖ ತಿರುಗಿಸಿಕೊಂಡವರು ಯಾರು ಯಾರು ಅಂತ ಇಲ್ಲಿಂದ ನನಗೆ ಕಾಣುತ್ತಿದೆ. ಪ್ರಾರ್ಥನೆ ಆಮೇಲೆ ಮಾಡೋಣ. ಮೊದಲು ಪಕ್ಕದವರನ್ನು ಮಾತಾಡಿಸಿ, ನಾನು ಕಾಯುತ್ತೇನೆ.