ಸ್ಮೋಕ್ ಅಲಾರಂಗೆ ತೋರಿಸಿದ ಅಂಗೈ

...ಅಲ್ಲಮ್ಮ, ಕೈಗೆ ತುಪ್ಪ ಅಂಟಿತ್ತು, ಒರೆಸಿಕೊಂಡೆ ಅನ್ನೋದೆಲ್ಲ ಬೇಡ. ಮೊದಲು ಸೀಟ್ ಬೆಲ್ಟ್ ಹಾಕ್ಕೋ. ಹಾಕ್ಕೊಂಡು ನಿಜ ಹೇಳು. ನಿಕಲ್ಸನ್ ರೋಡ್ ಮುಗಿಯೋವರೆಗೂ ಸಮಯ ಇದೆ, ನಿಧಾನವಾಗಿ ಹೇಳು.

ಯಾಕೆ ನಗ್ತೀಯ? ನಾನು ನಗೋ ವಿಷಯ ಹೇಳ್ತಿಲ್ಲ ಗೌತಮಿ. ನಮ್ಮನೆ ಸತ್ಯನಾರಾಯಣ ಪೂಜೆ. ಹ್ಯಾರಿಸ್‌ಡೇಲ್ ಬಡಾವಣೆಯ ಅರ್ಧ ಕನ್ನಡದವರು ಹಾಲ್‌ನಲ್ಲಿ ನಿಂತಿದ್ದಾರೆ. ಅಣ್ಣನ ಮಗಳು, ಮನೆ ಹುಡುಗಿ, ಪ್ರಸಾದ ನೀನೇ ಹಂಚು ಅಂತ ನಿನ್ನ ಚಿಕ್ಕಮ್ಮ ತಟ್ಟೆ ಕೊಟ್ಟಳು. ಹಂಚಿದೆ. ಚೆನ್ನಾಗೇ ಹಂಚಿದೆ. ಎಡಗಡೆಯಿಂದ ಶುರು ಮಾಡಿ ಬಲಗಡೆಗೆ, ಒಬ್ಬರಿಗೂ ಹೆಚ್ಚಿಲ್ಲ, ಒಬ್ಬರಿಗೂ ಕಮ್ಮಿ ಇಲ್ಲ... ಆಮೇಲೆ ತಟ್ಟೆ ಸೌಮ್ಯಾಗೆ ಕೊಟ್ಟು ಪಕ್ಕಕ್ಕೆ ಸರಿಯೋ ಮೊದಲು ಏನು ಮಾಡಿದೆ? ಎರಡೂ ಅಂಗೈ ಒಂದಕ್ಕೊಂದು ಸವರಿ, ಒಂದು ಸಲ ತಟ್ಟಿ, ಬೆರಳು ಬಿಡಿಸಿ ಅಂಗೈ ಮೇಲೆ ಮಾಡಿದೆ, ಆಮೇಲೆ ತಿರುಗಿಸಿದೆ. ಚಾವಣಿಗೆ ತೋರಿಸಿದೆ. ಅಲ್ಲಿದ್ದದ್ದು ಸ್ಮೋಕ್ ಅಲಾರಂ.

ಸರಸ್ವತಿ ಆಂಟಿ ಅದನ್ನ ಮುದ್ರೆ ಅಂದುಕೊಂಡರು. ಪ್ರಸಾದ ಆದ ಮೇಲೆ ಹಾಗೆ ಮಾಡೋದು ನಿಮ್ಮ ಮೈಸೂರು ಕಡೆ ಪದ್ಧತಿಯಾ ಅಂತ ನನ್ನನ್ನ ಕೇಳಿದರು. ನಾನು ಉತ್ತರ ಹುಡುಕೋಷ್ಟರಲ್ಲಿ ಅವರೂ ಮಾಡಿದರು. ಅವರನ್ನ ನೋಡಿ ಅವರ ಹಿಂದೆ ಇದ್ದವರೂ ಮಾಡಿದರು. ಪುರೋಹಿತರು ಕನ್ನಡಕ ಹಾಕ್ಕೊಂಡು ನೋಡಿದರು. ಮುಂದಿನ ತಿಂಗಳು ಅನನ್ಯಾ ಮನೆ ಗೃಹಪ್ರವೇಶ. ಅಲ್ಲೂ ಎಲ್ಲರೂ ಮಾಡ್ತಾರೆ, ನೋಡ್ತಿರು. ಪರ್ತ್‌ನಲ್ಲಿ ಒಂದು ಸಂಪ್ರದಾಯ ಹುಟ್ಟಿಸಿದೆ ನೀನು.

ನಗಬೇಡ. ಅದು ಮುದ್ರೆ ಅಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಕ್ಯಾಸಿನೊದಲ್ಲಿ ಇಸ್ಪೀಟೆಲೆ ಹಂಚೋ ಡೀಲರ್ ಮೇಜು ಬಿಟ್ಟು ಹೋಗೋವಾಗ ಹಾಗೆ ಮಾಡ್ತಾರೆ. ನಾನು ಚಿಪ್ಸ್, ಆ ದುಡ್ಡಿನ ಬಿಲ್ಲೆ, ಅಡಗಿಸಿಕೊಂಡಿಲ್ಲ, ಕೈ ಖಾಲಿ, ನೋಡ್ಕೊಳ್ಳಿ ಅಂತ ಮೇಲಿರೋ ಕ್ಯಾಮೆರಾಗೆ ತೋರಿಸೋದು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರಿಗೆ ಮಾತ್ರ ಅದು ತಾನಾಗೇ ಬರುತ್ತೆ.

ಹಾಂ. ಈಗ ನಿಂತಿತು ನಗು.

ಯಾವಾಗಿಂದ?... ಏಪ್ರಿಲ್. ಡೀಲರ್ ಟ್ರೈನಿಂಗ್. ಡೇಟಾ ಸೈನ್ಸ್‌ನಲ್ಲಿ ಮಾಸ್ಟರ್ಸ್ ಮಾಡಿದ ಹುಡುಗಿ. ಗೊತ್ತು, ಕೆಲಸ ಸಿಗಲಿಲ್ಲ. ನೀನು ಎಲ್ಲೆಲ್ಲಿ ಅರ್ಜಿ ಹಾಕಿದೆ ಅಂತ ನನಗೆ ಗೊತ್ತಿಲ್ವಾ? ರೆಫರೆನ್ಸ್ ಕೊಟ್ಟವನು ನಾನೇ. ಅಪ್ಪನಿಗೆ ಏನು ಹೇಳಿದೀಯ?... ರಿಸ್ಕ್ ಅನಾಲಿಸಿಸ್ ಟ್ರೈನಿಂಗ್. ಹೂಂ. ಪೂರ್ತಿ ಸುಳ್ಳು ಅಂತ ಹೇಳೋಕೂ ಆಗಲ್ಲ.

ನಮ್ಮಣ್ಣ ಎಂಥವನು ಅಂತ ಗೊತ್ತಲ್ಲ ನಿನಗೆ. ರೈಲಿನಲ್ಲಿ ಎದುರು ಸೀಟಿನವರು ಇಸ್ಪೀಟು ತೆಗೆದರೆ ಬೋಗಿ ಬದಲಾಯಿಸೋನು. ಒಂದು ಸಲ ಅರಸೀಕೆರೆಯಿಂದ ಮೈಸೂರಿನವರೆಗೆ ಬಾಗಿಲ ಹತ್ತಿರ ನಿಂತು ಬಂದಿದ್ದಾನೆ, ಯಾರೋ ಮಕ್ಕಳು ಕತ್ತೆ ಆಟ ಆಡ್ತಿದ್ದರು ಅಂತ. ಅವನ ಮಗಳು ನೀನು. ಇವತ್ತೇ ಫೋನ್ ಮಾಡ್ತೀನಿ. ಅಲ್ಲಿ ಈಗ ಊಟ ಮಾಡಿ ಮಲಗಿರ್ತಾನೆ, ಎದ್ದ ಮೇಲೆ ಮಾಡ್ತೀನಿ. ಅನಂತಣ್ಣ, ಹೀಗ್ಹೀಗೆ ಅಂತ ಹೇಳಿಬಿಡ್ತೀನಿ. ನಿನ್ನ ಜವಾಬ್ದಾರಿ ನನಗೆ ಒಪ್ಪಿಸಿ ಕಳಿಸಿದ್ದಾನೆ. ನಾಳೆ ನನ್ನನ್ನ ಕೇಳಿದರೆ ಏನು ಹೇಳಲಿ?

ಗುರುವಾರ?... ಗುರುವಾರ ಟೆಸ್ಟ್. ಅದಾದ ಮೇಲೆ ಲೈಸೆನ್ಸು, ಆಮೇಲೆ ಅಡಿಲೇಡ್‌ನಲ್ಲಿ ಕೆಲಸ, ಅಲ್ಲಾದರೆ ಪಿಆರ್‌ಗೂ, ಈ ದೇಶದಲ್ಲೇ ಉಳಿಯೋಕೂ ಅನುಕೂಲ. ಎಲ್ಲ ಯೋಚನೆ ಮಾಡಿಟ್ಟಿದ್ದೀಯ. ಗುರುವಾರ ಆದ ಮೇಲೆ ನೀನೇ ಹೇಳ್ತೀಯ. ಅದಕ್ಕೆ ಮುಂಚೆ ಅಪ್ಪನಿಗೆ ಗೊತ್ತಾದರೆ ಟಿಕೆಟ್ ಕಳಿಸ್ತಾನೆ, ನೀನು ಹೋಗಲೇಬೇಕಾಗುತ್ತೆ, ಇಷ್ಟು ಮಾಡಿದ್ದೆಲ್ಲ ಹೋಯ್ತು. ಅರ್ಥ ಆಯ್ತು. ಆದರೆ ನನ್ನ ಮನಸ್ಸು ಬದಲಾಗಲ್ಲ. ಮನೆತನದ ಪ್ರಶ್ನೆ.

ನನಗೆ ಹೇಗೆ ಗೊತ್ತು ಅಂದರೆ... ಆಫೀಸಿನಲ್ಲಿ ಪವನ ಅಂತ ಒಬ್ಬ ಇದ್ದಾನೆ. ಅವನ ಹೆಂಡತಿ ತಮ್ಮ ಇದೇ ಟ್ರೈನಿಂಗ್ ಮಾಡ್ತಿದ್ದಾನೆ. ಸಿಟಿ ಆಫೀಸಿಗೆ ಬಂದ ಮೇಲೆ ಇಂಥದ್ದೆಲ್ಲ ಕಿವಿಗೆ ಬೀಳುತ್ತೆ. ಮೈನ್‌ನಲ್ಲಿ, ಆ ಗಣಿಯಲ್ಲಿ, ಇದ್ದಾಗ ಕಲ್ಲು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಅದಕ್ಕೇ ಅಲ್ವಾ ಇವತ್ತಿನ ಪೂಜೆ. ನಿಕಲ್ ಮೈನ್ ಮುಚ್ಚಿದರು, ಎಷ್ಟೋ ಜನ ಜಿಯಾಲಜಿಸ್ಟ್‌ಗಳನ್ನ ಮನೆಗೆ ಕಳಿಸಿದರು, ನನ್ನನ್ನ ಮಾತ್ರ ಪರ್ತ್ ಆಫೀಸಿಗೆ ಹಾಕಿದರು. ವರ್ಷಗಟ್ಟಲೆ ಎರಡು ವಾರ ಮೈನ್‌ನಲ್ಲಿ, ಒಂದು ವಾರ ಮನೆಯಲ್ಲಿ ಅಂತ ಇದ್ದವನು, ಈಗ ದಿನಾ ಸಂಜೆ ಮನೆಗೆ ಬರ್ತೀನಿ. ಅದೇ ನಿನ್ನ ಚಿಕ್ಕಮ್ಮನಿಗೆ ಸಂತೋಷ.

ನೋಡು, ನಾನು ನಿನ್ನ ಒಳ್ಳೇದಕ್ಕೇ ಹೇಳೋದು. ಸುಲಭದ ಕೆಲಸ ಅಲ್ಲ ಅದು. ದಿನವೆಲ್ಲ ನಿಂತಿರಬೇಕು. ಪ್ಯಾಂಟಿನ ಜೇಬು ಹೊಲಿದುಬಿಡ್ತಾರೆ, ಕರ್ಚೀಫ್ ಇಟ್ಟುಕೊಳ್ಳೋಕೂ ಜಾಗ ಇಲ್ಲ. ಸೋತವನು ಬೈತಾನೆ, ಗೆದ್ದವನು ಮೈಮೇಲೆ ಬರ್ತಾನೆ, ಇಬ್ಬರಿಗೂ ಒಂದೇ ಮುಖ ತೋರಿಸಬೇಕು. ಟೆಸ್ಟ್ ದಿನ ಆ ಡೆನಿಸ್ ಬೇಕಂತಲೇ ಕುಡಿದ ಗಿರಾಕಿ ತರ ಕೂತು ಕೂಗಾಡ್ತಾಳೆ. ಅದಕ್ಕೆ ಅತ್ತವರೆಲ್ಲ ಫೇಲು. ನೀನು ಅವಳ ಮುಖ ನೋಡಬಾರದು, ಎಲೆ ನೋಡಬೇಕು...

ಏನು? ಡೆನಿಸ್ ಹೆಸರು? ಪವನ ಹೇಳಿದ. ಹೇಳಿದೆನಲ್ಲ, ಅವನ ಹೆಂಡತಿ ತಮ್ಮ ಅಂತ. ಎಲ್ಲ ಹೇಳ್ತಾನೆ ಅವನು. ಬೇಡ ಅಂದರೂ ಹೇಳ್ತಾನೆ. ನಿಮ್ಮ ಟ್ರೈನಿಂಗ್ ಬಿಲ್ಡಿಂಗಿನ ಮೇಲಿನ ಮಹಡಿಯ ಮೈಕ್ರೋವೇವ್ ಕೆಟ್ಟಿರೋದೂ ಹೇಳಿದ್ದಾನೆ. ಊಟದ ಹೊತ್ತಿಗೆ ಡೀಲರ್‌ಗಳೆಲ್ಲ ಡಬ್ಬಿ ಹಿಡಕೊಂಡು ಕೆಳಗೆ ಬಂದು ಸಾಲು ನಿಲ್ಲೋದು, ಯಾರೋ ಮೀನು ಬಿಸಿ ಮಾಡಿ ಇಡೀ ಕಾರಿಡಾರ್ ವಾಸನೆ ಎಬ್ಬಿಸೋದು... ಅದೂ ಹೇಳಿದ್ದಾನೆ.

ಹಾಗೆ ನೋಡಬೇಡ. ನನಗೆ ಗೊತ್ತು ನಿನ್ನ ತಲೆಯಲ್ಲಿ ಏನು ಓಡ್ತಿದೆ ಅಂತ. ಚಿಕ್ಕಪ್ಪ ಕ್ಯಾಸಿನೊಗೆ ಹೋಗಿ ಆಡ್ತಾನೆ, ಅದಕ್ಕೇ ಇಷ್ಟೆಲ್ಲ ಗೊತ್ತು ಅಂತ ತಾನೆ? ಇಲ್ಲ. ನಾನು ಲಾಟರಿ ಟಿಕೆಟ್ ಕೂಡ ಮುಟ್ಟಿದವನಲ್ಲ. ನಿಮ್ಮಜ್ಜಿ ಆಣೆ. ಮೆಲ್ಬರ್ನ್ ಕಪ್ ರೇಸಿನ ದಿನ ಇಡೀ ಕ್ಯಾಂಪ್ ಕುದುರೆ ಹೆಸರಿನ ಚೀಟಿ ಎತ್ತಿದರೆ ನಾನೊಬ್ಬ ರೂಮಿನಲ್ಲಿ ಕೂತು ರಿಪೋರ್ಟ್ ಬರೀತಿದ್ದೆ.

ತಲೆ ಅಲ್ಲಾಡಿಸ್ತೀಯ. ಅದಲ್ವಾ? ನೀನು ಅದನ್ನ ಅಂದುಕೊಳ್ಳಲಿಲ್ವಾ? ಮತ್ತೇನು ಅಂದುಕೊಂಡೆ?

...

ಮಾತಾಡು. ಇಷ್ಟೊತ್ತು ಗುರುವಾರ, ಅಡಿಲೇಡ್, ದಯವಿಟ್ಟು ಚಿಕ್ಕಪ್ಪ ಅಂತಿದ್ದೆ. ಈಗ ಕಿಟಕಿ ಹೊರಗೆ ಏನಿದೆ? ಅದು ಬನ್ನಿಂಗ್ಸ್ ಅಂಗಡಿ. ದಿನಾ ಅಲ್ಲೇ ಇರುತ್ತೆ.

ಸರಿ, ಇಲ್ಲಿ ಪೆಟ್ರೋಲ್ ಬಂಕ್ ಇದೆ, ನಿಲ್ಲಿಸ್ತೀನಿ. ಪೆಟ್ರೋಲ್ ಬೇಕಾಗಿಲ್ಲ. ಸುಮ್ಮನೆ ನಿಲ್ಲಿಸ್ತೀನಿ.

ಗೌತಮಿ, ಇವತ್ತು ಮನೆಗೆ ಬಂದವರೆಲ್ಲ ನನ್ನನ್ನ ಆಫೀಸಿನ ಬಗ್ಗೆ ಕೇಳಿದರು. ವರುಣ್ ಯಾವ ಬಿಲ್ಡಿಂಗು ಅಂತ ಕೇಳಿದ. ಸಂಕೇತ್ ಪಾರ್ಕಿಂಗ್ ಹೇಗೆ ಅಂದ. ಬ್ರಿಸ್ಬೇನ್‌ನಿಂದ ವಿಡಿಯೋ ಕಾಲ್ ಮಾಡಿದ ಪ್ರವೀಣ ಕೂಡ, ಬಾಸ್ ಹೇಗಿದ್ದಾನೆ, ಮೈನ್ ಆರಾಮಾ ಆಫೀಸ್ ಆರಾಮಾ ಅಂತ ತಲೆ ತಿಂದ. ಎಲ್ಲರಿಗೂ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ನಿನಗೂ ಒಂದು ಇಟ್ಟುಕೊಂಡಿದ್ದೆ. ನೀನು ಕೇಳಲಿಲ್ಲ.

ಮೊದಲು ನೀನೇ ಎಲ್ಲರಿಗಿಂತ ಹೆಚ್ಚು ಕೇಳ್ತಿದ್ದೆ. ಈ ಸಲ ಯಾವ ಕಲ್ಲು ಸಿಕ್ಕಿತು, ಎಷ್ಟು ಆಳ ಕೊರೆದಿರಿ, ಹಾವು ಬಂತಾ... ಮೈನ್‌ನಿಂದ ಬಂದರೆ ನಿನ್ನ ಫೋನು ತಪ್ಪುತ್ತಿರಲಿಲ್ಲ. ಈಗ ನೆನಪು ಮಾಡ್ಕೊಳ್ತಿದ್ದೀನಿ. ಯುಗಾದಿಗೆ ಬಂದಾಗ ನೀನು ಕೇಳಿದೆ. ಆಮೇಲೆ ಇಲ್ಲ. ಏಪ್ರಿಲ್ ಆದ ಮೇಲೆ ಒಂದು ಸಲವೂ ಇಲ್ಲ.

ಕೆಳಗಿನ ಮೈಕ್ರೋವೇವ್ ಹತ್ತಿರ ನಿಂತರೆ ನಮ್ಮ ಕ್ಲಾಸು ಕಾಣುತ್ತೆ, ಅಲ್ವಾ. ಗಾಜಿನ ಬಾಗಿಲು.

ನಾನು ನಿನ್ನನ್ನ ನೋಡಲೇ ಇಲ್ಲ. ಅಲ್ಲಿ ತಲೆ ಎತ್ತೋದು ಕಮ್ಮಿ ನಾನು. ಪಕ್ಕದಲ್ಲಿ ನಿಂತವರೆಲ್ಲ ನಿನಗಿಂತ ಚಿಕ್ಕವರು, ನನ್ನನ್ನ ಪಾಪ್ಸ್, ಅಂದರೆ ತಾತ, ಅಂತ ಕರೀತಾರೆ. ಬೇಜಾರಿಲ್ಲ, ಒಳ್ಳೆ ಹುಡುಗರು. ನಿಂಬೆಹಣ್ಣು ಹೆಚ್ಚೋದರಲ್ಲಿ ನಾನೇ ಮುಂದೆ. ಕೊರೆದು ತೆಗೆದ ಕಲ್ಲಿನ ಕೋರ್ ಸ್ಯಾಂಪಲ್ ಕತ್ತರಿಸಿದ ಕೈ ಅಲ್ವಾ, ಹೋಳು ಎಲ್ಲ ಒಂದೇ ದಪ್ಪ ಬರುತ್ತೆ. ಟ್ರೈನರ್ ಫೋಟೋ ತೆಗೆದು ಗೋಡೆಗೆ ಅಂಟಿಸಿದ್ದಾನೆ. ಕುಡಿಯೋದಿಲ್ಲ, ಆಣೆ ಇಟ್ಟು ಹೇಳ್ತೀನಿ. ಬಾಟಲಿಯಲ್ಲಿ ಇರೋದೆಲ್ಲ ಬಣ್ಣದ ನೀರು. ಯಾವ ಮದ್ಯ ಅಂತ ಮೂಸಿ ಹೇಳೋ ಪಾಠ ಒಂದಿದೆ. ಆವತ್ತು ಮಾತ್ರ ನಿಜವಾದದ್ದು ಇಟ್ಟಿದ್ದರು. ಮನೆಗೆ ಹೋಗಿ ಸ್ನಾನ ಮಾಡಿದೆ.

ಪವನ ಅಂತ ಯಾರೂ ಇಲ್ಲ.

ಆಫೀಸಿಗೂ ಹಾಕಲಿಲ್ಲ. ಎಲ್ಲರ ಜೊತೆ ನನ್ನನ್ನೂ ಕಳಿಸಿದರು. ಸ್ವಲ್ಪ ದಿನ ಲೈಬ್ರರಿಯಲ್ಲಿ ಕೂತೆ, ಅರ್ಜಿ ಹಾಕಿದೆ. ನಿಕಲ್ ಯಾರಿಗೂ ಬೇಡ. ಈ ಬಾರ್‌ಟೆಂಡರ್ ಕೋರ್ಸ್ ಮುಗಿಸಿದರೆ ಮೈನ್ ಕ್ಯಾಂಪಿನ ಬಾರಿನಲ್ಲೇ ಕೆಲಸ ಸಿಗುತ್ತೆ ಅಂತಾರೆ. ಅದೇ ವಿಮಾನ, ಅದೇ ಕ್ಯಾಂಪು, ಅದೇ ರೂಮು. ಕೌಂಟರಿನ ಆ ಕಡೆ ನಿಲ್ಲಬೇಕು ಅಷ್ಟೆ. ನನ್ನ ಜೊತೆ ಕೆಲಸ ಮಾಡಿದವರು ಬಂದು ಬಿಯರ್ ಕೇಳ್ತಾರೆ. ಕೇಳಲಿ. ಕೊಡ್ತೀನಿ.

ಅಣ್ಣನಿಗೆ ಫೋನ್ ಮಾಡಲ್ಲ. ಮಾಡಿ ಏನು ಹೇಳಲಿ? ಗುರುವಾರ ಟೆಸ್ಟ್ ಮುಗಿಸು. ಡೆನಿಸ್ ಕೂಗಿದರೆ ಎಲೆ ನೋಡು.

ನಿನ್ನಿಂದ ನನಗೆ ಒಂದೇ ಒಂದು ಬೇಕು. ಚಿಕ್ಕಮ್ಮನಿಗೆ ಹೇಳಬೇಡ. ಇನ್ನೊಂದು ತಿಂಗಳು. ಎಲ್ಲರ ಎದುರು ಎಷ್ಟು ಸಂತೋಷವಾಗಿದ್ದಳು ನೋಡಿದೆಯಲ್ಲ. ನಮ್ಮವರು ಇನ್ನು ದಿನಾ ಮನೆಗೆ ಬರ್ತಾರೆ ಅಂತ. ಕೆಲಸ ಸಿಕ್ಕ ಮೇಲೆ ನಾನೇ ಹೇಳ್ತೀನಿ. ಹೂಂ ಅನ್ನು.

ಹೇಳಲ್ಲ ಅನ್ನು ಗೌತಮಿ.

...ಯಾಕೆ ತಲೆ ತಗ್ಗಿಸಿದೆ?

ಹೇಳಿಬಿಟ್ಟೆಯಾ? ಇಲ್ಲ... ನೀನಲ್ಲ. ಅವಳೇ ನಿನ್ನನ್ನ ಕೇಳಿದಳಾ? ಅವಳಿಗೆ ಮೊದಲೇ...

ಬೆಳಿಗ್ಗೆ ಸಂಕಲ್ಪದ ಹೊತ್ತಿಗೆ ಪುರೋಹಿತರು ಏನಂತ ಹೇಳಲಿ ಅಂದರು. ನಾನು ಬಾಯಿ ತೆಗೆಯೋ ಮೊದಲೇ ನಿನ್ನ ಚಿಕ್ಕಮ್ಮ ಹೇಳಿದಳು, ಯಜಮಾನರಿಗೆ ಹೊಸ ಕೆಲಸ ಸಿಗಲಿ ಅಂತ. ಸಿಕ್ಕಿದೆಯಲ್ಲ ಅಂದೆ ನಾನು. ಅವಳು ನನ್ನ ಕಡೆ ತಿರುಗಲಿಲ್ಲ. ಪುರೋಹಿತರಿಗೆ ಮಾತ್ರ, ನೀವು ಹೇಳಿ, ಅಂದಳು.

ಕ್ಲಾಸಿಗೆ ಕಪ್ಪು ಶರ್ಟು ಕಡ್ಡಾಯ. ದಿನಾ ರಾತ್ರಿ ಅವಳೇ ಇಸ್ತ್ರಿ ಮಾಡಿ ಬಾಗಿಲಿಗೆ ನೇತು ಹಾಕ್ತಾಳೆ. ಆಫೀಸಿಗೆ ದಿನಾ ಕಪ್ಪು ಶರ್ಟೇ ಯಾಕೆ ಅಂತ ಅವಳೂ... ಒಂದು ದಿನವೂ...

ಸ್ವಲ್ಪ ಹೊತ್ತು ಇಲ್ಲೇ ಇರೋಣ.