ರಾಟೆ ಇಲ್ಲದ ಬಾವಿ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬರಲ್ಲ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗ ಮಾಲತೇಶನಿಗೆ ಆಗಿದ್ದು. ಅವನ ಮನೆ ಗೊತ್ತಲ್ಲ, ಆಲದ ಮರ ದಾಟಿದ ಮೇಲೆ ಎಡಗಡೆ. ಬೇಕಿದ್ರೆ ಬೆಳಕಾದ ಮೇಲೆ ಹೋಗಿ ಕೇಳಿ. ಈಗ ಬೇಡ.

ಆ ರಾತ್ರಿ ಅವನೂ ಅವನ ಹೆಂಡ್ತಿ ನಾಗಶ್ರೀನೂ ಕ್ರಾಸಲ್ಲಿ ಇಳಿದು ನಡ್ಕೊಂಡು ಬರ್ತಿದ್ರು. ಶಿರಾಳಕೊಪ್ಪದಿಂದ ಮಿನಿ ಬಸ್ಸಲ್ಲಿ ಕರಾವಳಿ ದೇವಸ್ಥಾನ ನೋಡೋಕೆ ಹೋಗಿದ್ರು. ಸೊರಬದ ಮೇಲೆ ವಾಪಸ್ ಬರೋ ಹೊತ್ತಿಗೆ ಊರೆಲ್ಲ ಮಲಗಿತ್ತು. ಮೊಬೈಲ್ ಬೆಳಕು ಹಿಡ್ಕೊಂಡು ಮುಂದೆ ಅವನು, ಹಿಂದೆ ಅವಳು. ಆಲದ ಮರದ ಹತ್ರ ಬಂದ್ರು. ಮರದ ಪಕ್ಕ ಹಳೇ ಬಾವಿ... ಬೋರ್ ಹಾಕ್ಸಿದ ಮೇಲೆ ಅಲ್ಲಿ ಯಾರೂ ನೀರು ಸೇದಲ್ಲ. ಹಗ್ಗ ಇಲ್ಲ. ರಾಟೇನ ಯಾವನೋ ಪುಣ್ಯಾತ್ಮ ಬಿಚ್ಚಿ ಗುಜರಿಗೆ ಹಾಕಿ ಎಷ್ಟೋ ವರ್ಷ ಆಯ್ತು. ಎರಡು ಕಲ್ಲು ಕಂಬ, ನಡುವೆ ತುಕ್ಕು ಹಿಡಿದ ಸರಳು, ಅಷ್ಟೇ.

ಕಿರ್ರ್...

ಮಾಲತೇಶ ನಿಂತ.

ಕಿರ್ರ್... ಕಿರ್ರ್... ಟಣ್.

ರಾಟೆ ತಿರುಗಿ, ತುಂಬಿದ ಕೊಡ ಕಲ್ಲಿಗೆ ತಾಗಿದ ಸದ್ದು. ಹಳ್ಳೀಲಿ ಹುಟ್ಟಿದೋನಿಗೆ ಆ ಸದ್ದು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಕು ಬಿಟ್ಟು ನೋಡಿದ. ಕಂಬ ಇತ್ತು, ಸರಳು ಇತ್ತು. ಆಚೆ ಹೊಲದಲ್ಲಿ ಕುರಿ ಕಾಯೋ ಸಣ್ಣಬೀರಪ್ಪ ರಾತ್ರಿಗೆ ಕುರಿ ತರುಬಿದ್ದ. ಅವನ ನಾಯಿಗಳು, ಎಲೆ ಅಲ್ಲಾಡಿದ್ರೂ ಬೊಗಳೋವು, ತುಟಿ ಬಿಚ್ಚಲಿಲ್ಲ.

"ಕೇಳಿಸ್ತಾ?" ಅಂತ ಪಿಸುಗುಟ್ಟಿದ.

"ಹೂಂ. ಕರೀತಿದಾರೆ."

"ಯಾರು?"

ಬೆಳಕು ಅವಳ ಮುಖದ ಮೇಲೆ ಹಾಯ್ತು. ನಗ್ತಿದ್ಲು. ಮಾಲತೇಶ ಅವಳ ರಟ್ಟೆ ಹಿಡಿದು ದರದರ ಎಳ್ಕೊಂಡು ಮನೆಗೆ ಬಂದು ಅಗಳಿ ಹಾಕಿದ.

ಈಗ ಆ ಹಗಲಲ್ಲಿ ಏನಾಯ್ತು ಅನ್ನೋದು ಹೇಳ್ಬೇಕು, ಇಲ್ಲದಿದ್ರೆ ನಿಮಗೆ ತಲೆಬುಡ ತಿಳಿಯಲ್ಲ.

ನಮ್ಮ ಮಾಲತೇಶ ಒಳ್ಳೇನು, ಆದರೆ ಸಂಶಯದ ಪಿಂಡ. ಸಂತೇಲಿ ಬೆಂಡೆಕಾಯಿನ ಒಂದೊಂದೇ ತುದಿ ಮುರಿದು ನೋಡೋನು. ಹಾಲು ಬೆಳ್ಳಗಿದ್ರೆ ಸುಣ್ಣ ಬೆರೆಸಿದಾರೇನೋ ಅನ್ನೋನು. ಆ ವರ್ಷ ನಾಗಶ್ರೀಗೆ ಹೊಟ್ಟೇಲಿದ್ದ ಕೂಸು ಹೋಗಿತ್ತು. ಅವತ್ತಿಂದ ಅವಳು ಮಾತು ಬಿಟ್ಟಿದ್ಲು. ಉಣ್ಣು ಅಂದ್ರೆ ಉಣ್ಣೋಳು, ಮಲಗು ಅಂದ್ರೆ ಮಲಗೋಳು. ಅವಳ ಅವ್ವನೂ ಇಲ್ಲ, ಅವಳು ಲಂಗ ಹಾಕೋ ವಯಸ್ಸಲ್ಲೇ ತೀರ್ಕೊಂಡಿದ್ಲು. ಹೇಳ್ಕೊಂಡು ಅಳೋಕೆ ಒಂದು ಮಡಿಲು ಬೇಕಲ್ಲ? ಅದು ಇರಲಿಲ್ಲ. ಮಾಲತೇಶನಿಗೆ ಕರುಳು ಚುರುಕ್ ಅಂತಿತ್ತು, ಬಾಯಲ್ಲಿ ಹೇಳೋಕೆ ಬರ್ತಿರಲಿಲ್ಲ. ಅದಕ್ಕೇ ಈ ಪ್ರವಾಸಕ್ಕೆ ಇಬ್ರ ಹೆಸರೂ ಬರೆಸಿದ್ದು. "ಮಧ್ಯಾಹ್ನದ ದೇವಸ್ಥಾನ ದರ್ಶನ, ಸೂರ್ಯಾಸ್ತ ಸಮೇತ" ಅಂತ ಬಸ್ಸಿನ ಮೇಲೇ ಬ್ಯಾನರ್ ಕಟ್ಟಿದ್ರು.

"ಮುಳುಗೋ ಸೂರ್ಯನ್ನೂ ಮಾರ್ತಾರಲ್ಲಪ್ಪ ಇವ್ರು," ಅಂದಿದ್ದ ಮಾಲತೇಶ.

ಘಟ್ಟ ಇಳಿದು ಊಟ ಆದ ಮೇಲೆ ಗೈಡ್ ಹತ್ತಿದ. ಲೋಕೇಶ ಅಂತ ಹೆಸರು, ಆ ಕಡೆಯೋನೇ, ತೆಳ್ಳಗಿನ ಮನುಷ್ಯ. ಒಂದೊಂದು ಗುಡೀಲೂ ಕತೆ ಹೇಳ್ತಿದ್ದ. ಈ ಲಿಂಗ ತಾನಾಗೇ ಹುಟ್ಟಿದ್ದು, ಈ ಕಲ್ಲನ್ನ ಸಮುದ್ರ ತಂದುಕೊಟ್ಟಿದ್ದು... ಮಾಲತೇಶ ಪ್ರತಿಯೊಂದಕ್ಕೂ, "ನೀವು ನೋಡಿದ್ರೇನ್ರೀ?" ಅಂತ ಕೇಳೋನು. ಲೋಕೇಶ ಬೇಜಾರು ಮಾಡ್ಕೊಳ್ಳದೆ, "ಇಲ್ಲ ಮಾರಾಯ್ರೇ, ಹಿರಿಯರು ಹೇಳಿದ್ದು," ಅನ್ನೋನು.

ಕೊನೇದು ಸಮುದ್ರದ ದಂಡೆ ಮೇಲಿನ ಸಣ್ಣ ಈಶ್ವರನ ಗುಡಿ. ಬಸ್ ಇಳಿಯೋಕೆ ಮುಂಚೆ ಲೋಕೇಶ ಗಂಡಸರನ್ನ ಹತ್ರ ಕರೆದ. ದನಿ ಇಳಿಸಿದ.

"ಗುಡಿ ಹಿಂದೆ ಸತ್ತವ್ರ ಬೂದಿ ಬಿಡುವ ಜಾಗ. ಅಲ್ಲೊಂದು ಬಾವಿ ಉಂಟು. ದೇವರನ್ನ ನೋಡಿ, ಸೂರ್ಯನ್ನ ನೋಡಿ. ಆದ್ರೆ ಹೊರಡುವಾಗ ಯಾರಿಗೂ 'ಬರ್ತೀನಿ' ಅನ್ಬೇಡಿ. ಸುಮ್ನೆ ಬಂದು ಬಸ್ ಹತ್ತಿ. ನಾನು ಹೇಳಿದ್ರೆ ಹೆಂಗಸ್ರು ಹೆದರ್ತಾರೆ. ನಿಮ್ ನಿಮ್ಮವ್ರಿಗೆ ನೀವೇ ಹೇಳ್ಬಿಡಿ."

ಇದೇನು ಹೊಸ ಮಾತಲ್ಲ. ನಮ್ಮಲ್ಲೂ ಸಾವಿನ ಮನೆಯಿಂದ ಹೊರಡೋವಾಗ ಬರ್ತೀನಿ ಅಂತಾರೇನು? ಅನ್ನಲ್ಲ. ಬೇರೆ ಕಡೆ ಅದೇ ಬಾಯಿ 'ಹೋಗ್ತೀನಿ' ಅಂದ್ರೆ ಹಿರಿಯರು ತಲೆಗೆ ಮೊಟಕ್ತಾರೆ, 'ಹೋಗಿ ಬರ್ತೀನಿ ಅನ್ನೋ' ಅಂತ. ಮಾಲತೇಶನಿಗೂ ಗೊತ್ತಿತ್ತು. ಆದರೂ ಅವನ ತಲೇಲಿ ಹುಳ ಹೊಕ್ತು. ಇಲ್ಲಿನ ಜನರ ಹತ್ರ ಮಾತಾಡಿದ್ರೆ ಈ ಗೈಡಿನ ಬಂಡವಾಳ ಬಯಲಾಗುತ್ತೆ, ಅದಕ್ಕೇ ಈ ಹೆದರಿಕೆ, ಅಂದ್ಕೊಂಡ. ನಾಗಶ್ರೀಗೆ ಹೇಳಲೇ ಇಲ್ಲ.

ಎಲ್ರೂ ಬಂಡೆ ಮೇಲೆ ಮೊಬೈಲ್ ಎತ್ತಿ ನಿಂತಿದ್ರು. ಸೂರ್ಯ ಕೆಂಪಗೆ ಇಳೀತಿದ್ದ. ಮಾಲತೇಶ ತಿರುಗಿ ನೋಡಿದ್ರೆ ಹೆಂಡ್ತಿ ಇಲ್ಲ. ಗುಡಿ ಹಿಂದಿಂದ ಸದ್ದು... ಕಿರ್ರ್... ಕಿರ್ರ್... ಹೋದ. ಬಾವಿ ಕಟ್ಟೆ ಮೇಲೆ ನಾಗಶ್ರೀ ಕೂತಿದ್ಲು. ಪಕ್ಕದಲ್ಲಿ ಒಬ್ಬಳು ಮುದುಕಿ, ಮಾಸಿದ ಸೀರೆ, ತಲೆ ತುಂಬಾ ಸೆರಗು. ನಾಗಶ್ರೀ ಮಾತಾಡ್ತಿದ್ಲು! ತಿಂಗಳುಗಟ್ಲೆ ಬಾಯಿ ಕಟ್ಟಿದ್ದೋಳು ಅಳ್ತಾ, ನಗ್ತಾ ಮಾತಾಡ್ತಿದ್ಲು. ಮುದುಕಿ ಅವಳ ತಲೆ ನೇವರಿಸ್ತಿದ್ಲು. ಮಾಲತೇಶನಿಗೆ ಮುದುಕಿ ಮುಖ ಕಾಣಲಿಲ್ಲ. ಆದರೂ ಎದೆ ಹಗುರ ಆಯ್ತು.

"ರೀ, ಈ ನೀರು ಕುಡೀರಿ. ಎಳನೀರಿದ್ದಂಗಿದೆ," ಅಂದ್ಲು.

ಬೊಗಸೆ ಹಿಡಿದು ಬಾಯಿಗೆ ಹಾಕ್ಕೊಂಡ. ಥೂ... ಬರೀ ಉಪ್ಪು. ಉಗಿದ. ಅಷ್ಟರಲ್ಲಿ ಲೋಕೇಶ ದೂರದಿಂದ ಚಪ್ಪಾಳೆ ತಟ್ಟಿ ಕರೆದ. ನಾಗಶ್ರೀ ಎದ್ಲು. ಹೊರಡೋವಾಗ ಹಿರಿಯರಿಗೆ ಹೇಳೋ ಹಂಗೆ, ಮುದುಕಿ ಕಡೆ ತಿರುಗಿ,

"ಬರ್ತೀನವ್ವ," ಅಂದ್ಲು.

"ಬಾ," ಅಂತು ಮುದುಕಿ.

ಅಷ್ಟೇ.

ಬಾವಿ ಸದ್ದು ಕೇಳಿದ ಮಾರನೇ ದಿನದಿಂದ ಶುರುವಾಯ್ತು. ದೀಪ ಹಚ್ಚೋ ಹೊತ್ತಾದ್ರೆ ಸಾಕು, ನಾಗಶ್ರೀ ಮುಖ ತೊಳೆದು, ತಲೆ ಬಾಚಿ, ಹೊಸ್ತಿಲ ಹತ್ರ ಚಪ್ಪಲಿ ಮೆಟ್ಟೋಳು.

"ಎಲ್ಲಿಗೆ?" ಅಂದ್ರೆ, "ಇಲ್ಲೇ ರೀ, ಹೋಗಿ ಬರ್ತೀನಿ," ಅನ್ನೋಳು.

ನಮ್ಮ ಸಂಶಯದ ಪಿಂಡಕ್ಕೆ ಏನು ಹೊಳೀಬೇಕು ಹೇಳಿ? ಆ ಗೈಡು! ಅವನೇ ಏನೋ ಮಾಡಿದಾನೆ, ಫೋನ್ ಮಾಡ್ತಿದಾನೆ ಅಂತ. ಅವಳು ಸ್ನಾನಕ್ಕೆ ಹೋದಾಗ ಅವಳ ಮೊಬೈಲ್ ತೆಗೆದು ಮೇಲಿಂದ ಕೆಳಗೆ ತಿಕ್ಕಿ ನೋಡಿದ. ಅದ್ರಲ್ಲಿ ಏನಿತ್ತು, ತವರುಮನೆ ಅತ್ತಿಗೆ ಫೋನು, ಗ್ಯಾಸಿನೋರ ಮೆಸೇಜು. ಆದರೂ ಸಮಾಧಾನ ಆಗಲಿಲ್ಲ. ದಿನಾ ಬಾಗಿಲಲ್ಲೇ ತಡೀತಿದ್ದೋನು ಒಂದು ಸಂಜೆ ತಡೀಲಿಲ್ಲ. ಹೋಗಲಿ ಬಿಡು, ಯಾರನ್ನ ನೋಡೋಕೆ ಹೋಗ್ತಾಳೋ ಹಿಡೀತೀನಿ, ಅಂತ ಹಿಂದೇ ಹೋದ.

ಅವಳು ಆಲದ ಮರದ ಹತ್ರ ಹೋದ್ಲು. ಚಪ್ಪಲಿ ಬಿಟ್ಲು. ಬಾವಿ ಕಟ್ಟೆ ಹತ್ತಿ ಕೂತ್ಲು. ಕಾಲು... ಒಳಗಡೆ ಇಳಿಬಿಟ್ಲು.

ಕಿರ್ರ್... ಕಿರ್ರ್...

"ಬಂದೆ ಕಣವ್ವ," ಅಂದ್ಲು.

ಮಾಲತೇಶ ಹೇಗೆ ಓಡಿದ್ನೋ ಅವನಿಗೇ ಗೊತ್ತಿಲ್ಲ. ಹಿಂದಿಂದ ಸೊಂಟಕ್ಕೆ ಕೈ ಹಾಕಿ ಎಳೆದ, ಇಬ್ರೂ ನೆಲಕ್ಕೆ ಬಿದ್ರು. ಅವಳ ಕಾಲು ಮುಟ್ಟಿದ್ರೆ ಪಾದವೆಲ್ಲ ಒದ್ದೆ. ಆ ಬಾವೀಲಿ ನೀರಿರೋದು ಪಾತಾಳದಲ್ಲಿ. ಅವನು ಅಲ್ಲೇ ಕೂತು ಅತ್ತ. ಅವನು ಅತ್ತಿದ್ದನ್ನ ನಾವ್ಯಾರೂ ಅಲ್ಲಿವರೆಗೆ ಕಂಡಿರಲಿಲ್ಲ, ಸಣ್ಣಬೀರಪ್ಪ ಕಂಡ, ಕುರಿ ಹಟ್ಟಿ ಹತ್ರ ನಿಂತು.

ರಾತ್ರಿ ಬಸ್ಸಿನೋರ ಹತ್ರ ನಂಬರ್ ಇಸ್ಕೊಂಡು ಲೋಕೇಶನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂಗೆ ಬೈದ. ಲೋಕೇಶ ಪೂರಾ ಕೇಳಿಸ್ಕೊಂಡ.

"ಬೈಯೋದು ಆಮೇಲೆ ಬೈರಿ ಮಾರಾಯ್ರೇ. ಒಂದು ಹೇಳಿ. ಅವತ್ತು ಹೊರಡುವಾಗ ಅವ್ರು ಎಂತ ಹೇಳಿದ್ರು?"

ಮಾಲತೇಶ ಬಾಗಿಲ ಅಗಳಿ ಕಡೆ ನೋಡಿದ.

"ಬರ್ತೀನಿ ಅಂದ್ರಾ?"

"...ಹೂಂ."

"ನೀವು ಅವ್ರಿಗೆ ಹೇಳಿರ್ಲಿಲ್ವಾ?"

ಬೆಂಡೆಕಾಯಿ ತುದಿ ಮುರಿದು ನೋಡೋನು, ಬೇಡದ ಕಡೆ ಮುರಿದಿದ್ದ.

"ನಮ್ಮಲ್ಲಿ ಹಿಂದೆಯೂ ಆಗಿದ್ದುಂಟು," ಅಂದ ಲೋಕೇಶ. "ಕೊಟ್ಟ ಮಾತನ್ನ ಕೊಟ್ಟವ್ರೇ ವಾಪಸ್ ತಗೋಬೇಕು. ಕರ್ಕೊಂಡು ಬನ್ನಿ. ಅದೇ ಬಾವಿ ಹತ್ರ ನಿಂತು 'ಹೋಗ್ತೀನಿ' ಅನ್ಬೇಕು. ಬರೀ ಹೋಗ್ತೀನಿ. ಸೂರ್ಯ ನೀರಿಗೆ ಇಳಿಯೋದ್ರೊಳಗೆ."

ಬೆಳಗಾಗ್ತಿದ್ದಂಗೆ ಸೊರಬದಲ್ಲಿ ಬಸ್ ಹತ್ತಿದ್ರು. ದಾರಿಯುದ್ದಕ್ಕೂ ಮಾಲತೇಶ ಅವಳ ಕೈ ಬಿಡಲಿಲ್ಲ. ಯಾಕೆ ಹೋಗ್ತಿದೀವಿ ಅಂತ ಪೂರಾ ಹೇಳಿದ, ತನ್ನ ತಪ್ಪೂ ಹೇಳಿದ. ಅವಳು ಕಿಟಕಿ ಕಡೆ ನೋಡ್ತಾ, "ಅವ್ವನಂಗೇ ಇದ್ಲು ರೀ," ಅಂದ್ಲು, ಅಷ್ಟೇ.

ಲೋಕೇಶ ಆಟೋದಲ್ಲಿ ಕಾಯ್ತಿದ್ದ. ಗುಡಿ ಹಿಂದೆ ಹೋದ್ರು. ಬಾವಿ ಹತ್ರ ಯಾರೂ ಇರಲಿಲ್ಲ. ರಾಟೆ ಇತ್ತು, ಹಗ್ಗ ಇತ್ತು, ಹಗ್ಗದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್... ಸಮುದ್ರದ ಮೇಲೆ ಸೂರ್ಯ ಕೆಂಪಗೆ ಕೂತಿದ್ದ.

"ಹೇಳಿ," ಅಂದ ಲೋಕೇಶ.

ನಾಗಶ್ರೀ ಬಾಯಿ ತೆಗೆದ್ಲು. ಬರಲಿಲ್ಲ. ಹುಟ್ಟಿದಾಗಿಂದ ಆಡಬಾರದು ಅಂತ ಬೈಸ್ಕೊಂಡ ಮಾತು ಅದು, ಹೇಗೆ ಬರುತ್ತೆ?

"ಹೋ... ಹೋಗಿ ಬ..."

ಮಾಲತೇಶ ಛಟ್ ಅಂತ ಅವಳ ಬಾಯಿ ಮುಚ್ಚಿದ. ರಾಟೆ ತಾನಾಗೇ ಚೂರು ಅಲುಗಾಡ್ತು. ಕಿರ್...

"ನಾಗಶ್ರೀ," ಅಂದ ಅವಳ ಕಿವೀಲಿ. "ನಂಗೆ ನೀನು ಬೇಕು ಕಣೇ. ಕೂಸು ಹೋಯ್ತು, ನೀನೂ ಹೋಗ್ಬೇಡ. ಅವಳಿಗೆ ಹೇಳು."

ಅವಳ ಕಣ್ಣಲ್ಲಿ ನೀರು ಬಂತು. ಅವನ ಕೈ ಸರಿಸಿದ್ಲು.

"ಹೋಗ್ತೀನವ್ವ," ಅಂದ್ಲು.

ಹಗ್ಗದ ನೀರು ನಿಲ್ತು. ನಾಗಶ್ರೀ ಗೋಳೋ ಅಂತ ಅತ್ಲು, ಅತ್ತು ಅತ್ತು ಅವಳ ಮುಖ ಮೊದಲಿನ ನಾಗಶ್ರೀ ಮುಖ ಆಯ್ತು. "ಹಸಿವಾಗ್ತಿದೆ ರೀ," ಅಂದ್ಲು. ಮಾಲತೇಶನಿಗೆ ಹೋದ ಜೀವ ಬಂದಂಗಾಯ್ತು. ಲೋಕೇಶನ ಕಡೆ ನೋಡಿದ. ಎಷ್ಟು ಸಂಶಯ ಪಟ್ಟಿದ್ದ ಈ ಮನುಷ್ಯನ ಮೇಲೆ, ಎಷ್ಟು ಬೈದಿದ್ದ. ನಾಚಿಕೆ ಆಯ್ತು. ಅವನ ಎರಡೂ ಕೈ ಹಿಡ್ಕೊಂಡ. ತುಂಬು ಮನಸ್ಸಿಂದ, ಜೀವಮಾನದಲ್ಲಿ ಮೊದಲ ಸಲ ಒಬ್ಬ ಹೊರಗಿನವನ್ನ ಪೂರ್ತಿ ನಂಬಿ,

"ನಿಮ್ಮ ಉಪಕಾರ ಮರೆಯಲ್ಲ. ಬರ್ತೀನಿ ರೀ," ಅಂದ.

ಲೋಕೇಶನ ಮುಖ ಬಿಳುಪಾಯ್ತು.

ಬಾವಿಯೊಳಗಿಂದ, ಮೆತ್ತಗೆ... "ಬಾ."

"ಹೋಗ್ತೀನಿ! ಹೋಗ್ತೀನಿ!" ಅಂತ ಮಾಲತೇಶ ಕೂಗಿದ. ಕೂಗಿದ್ದು ನಿಜ. ಆದರೆ ಆಗ ಸೂರ್ಯ ಇದ್ನಾ, ಇಳಿದಿದ್ನಾ? ಮಾಲತೇಶ ಅಂತಾನೆ, ಉಗುರಿನಷ್ಟು ಇದ್ದ ಅಂತ. ನಾಗಶ್ರೀ ಅಂತಾಳೆ, ಇಳಿದುಬಿಟ್ಟಿದ್ದ ಅಂತ. ಲೋಕೇಶ, ನಾನು ನೆಲ ನೋಡ್ತಿದ್ದೆ ಮಾರಾಯ್ರೇ, ಅಂತಾನೆ.

ನಾಗಶ್ರೀ ಈಗ ಚೆನ್ನಾಗಿದಾಳೆ. ಮಾತು ಬಂದಿದೆ, ಬಂದಿರೋದು ಜಾಸ್ತೀನೇ ಆಯ್ತು. ಆದರೆ ನೀವು ದೀಪ ಹಚ್ಚೋ ಹೊತ್ತಲ್ಲಿ ಅವರ ಮನೆ ಮುಂದೆ ಹೋಗಿ ನೋಡಿ. ಇಬ್ರೂ ಜಗಲಿ ಕಟ್ಟೆ ಮೇಲೆ ಕೂತಿರ್ತಾರೆ. ಅವಳು ಅವನ ಕೈ ಹಿಡ್ಕೊಂಡಿರ್ತಾಳೆ, ಪೂರ್ತಿ ಕತ್ತಲಾಗೋವರೆಗೂ ಬಿಡಲ್ಲ. ನೋಡಿದವರು ಹೊಸ ಮದುವೆ ಅಂತ ಚೇಷ್ಟೆ ಮಾಡ್ತಾರೆ. ಅವನ ಕಣ್ಣು ಆಲದ ಮರದ ಕಡೇನೇ ಇರುತ್ತೆ. ಏನೂ ಇಲ್ಲ ಕಣೋ, ನಂಗೇನೂ ಕೇಳಿಸಲ್ಲ, ಅಂತಾನೆ. ನಾನು ಕೇಳಿರಲೇ ಇಲ್ಲ, ಅವನಾಗೇ ಅಂದಿದ್ದು.

ಸುಳ್ಳು ಅನ್ನೋರು ಸಣ್ಣಬೀರಪ್ಪನ್ನ ಕೇಳಿ. ಕುರಿ ಕಾಯೋನು, ಅವನಿಗೇನು ಕತೆ ಕಟ್ಟೋ ದರ್ದು? ಬೆಳಗ್ಗೆ ಹಟ್ಟಿ ಬಿಟ್ಟ ತಕ್ಷಣ ಅವನ ಕುರಿಗಳು ಮೇವಿಗೆ ಹೋಗಲ್ವಂತೆ. ನೆಟ್ಟಗೆ ಆ ಹಾಳು ಬಾವಿಗೆ ಹೋಗ್ತಾವೆ. ಕೋಲಲ್ಲಿ ಹೊಡೆದ್ರೂ ಕದಲಲ್ಲ. ನಾನೇ ಹೋಗಿ ನೋಡಿದೀನಿ, ಈ ಎರಡು ಕಣ್ಣಿಂದ... ಸುತ್ತ ನಿಂತು ಬಾವಿ ಕಟ್ಟೆ ಕಲ್ಲು ನೆಕ್ತಿದ್ವು, ಸಂತೆಯಿಂದ ತಂದ ಉಪ್ಪಿನ ಹರಳು ನೆಕ್ಕೋ ಹಂಗೆ.