ಯಾರ ಮನೆಯ ಲಕ್ಷ್ಮಿ?

ಊರು ಅಂದ ಮೇಲೆ ಒಬ್ಬ ಶ್ರೀಮಂತ ಇರಲೇಬೇಕಲ್ಲ, ಆ ಊರಿನಲ್ಲೂ ಒಬ್ಬನಿದ್ದ. ಸಿಹಿತಿಂಡಿ ತಯಾರಿಸುವ ದೊಡ್ಡ ಕಾರ್ಖಾನೆ ಅವನದು. ಮಹಾ ದೈವಭಕ್ತ. ಹಣೆಗೆ ಗಂಧ, ಗಲ್ಲಾಪೆಟ್ಟಿಗೆಯ ಮೇಲೆ ಲಕ್ಷ್ಮಿಯ ಪಟ. ಮಂಗಳವಾರ, ಶುಕ್ರವಾರ ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಕಳಿಸಬಾರದು ಅನ್ನುತ್ತಾರಲ್ಲ, ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಅಮಾವಾಸ್ಯೆ ಕೂಡದು, ರಾಹುಕಾಲ ಕೂಡದು, ದೀಪ ಹಚ್ಚಿದ ಮೇಲಂತೂ ಕೂಡದೆಂದರೆ ಕೂಡದು. ಆದರೆ ನೋಡಿ, ಹಣ ತೆಗೆದುಕೊಳ್ಳುವುದಕ್ಕೆ ಮಾತ್ರ ಅವನಿಗೆ ಎಲ್ಲ ದಿನವೂ ಶುಭದಿನವೇ!

ಅವನಿಗೆ ಮಿಠಾಯಿಯ ರಟ್ಟಿನ ಡಬ್ಬಿ ಮಾಡಿಕೊಡುತ್ತಿದ್ದವಳು ಒಬ್ಬ ಹೆಂಗಸು. ಸಣ್ಣದೊಂದು ಶೆಡ್ಡು, ರಟ್ಟು ಕತ್ತರಿಸುವ ಒಂದು ಯಂತ್ರ, ಅದೂ ಬ್ಯಾಂಕಿನ ಸಾಲದ್ದು. ದೀಪಾವಳಿಗೆ ಕೊಟ್ಟ ಡಬ್ಬಿಗಳ ಹಣ ಯುಗಾದಿ ಕಳೆದರೂ ಬರಲಿಲ್ಲ. ಸೋಮವಾರ ಹೋದರೆ ಯಜಮಾನರು ಊರಲ್ಲಿಲ್ಲ, ಮಂಗಳವಾರ ಹೋದರೆ ಲಕ್ಷ್ಮಿ ಹೊರಗೆ ಹೋಗುವಂತಿಲ್ಲ. ಕಂತು ಕಟ್ಟದಿದ್ದರೆ ಯಂತ್ರ ಎತ್ತಿಕೊಂಡು ಹೋಗುತ್ತೇವೆ ಎಂದರು ಬ್ಯಾಂಕಿನವರು. ಯಂತ್ರ ಹೋದರೆ ಅವಳಿಗೂ, ಅವಳನ್ನು ನಂಬಿದ ನಾಲ್ಕಾರು ಹೆಂಗಸರಿಗೂ ಅನ್ನ ಹೋದಂತೆಯೇ. ಅಲೆದು ಅಲೆದು ಸಾಕಾಗಿ ಅವಳು ಕೋರ್ಟಿಗೆ ಹೋದಳು.

ಶ್ರೀಮಂತನ ಪಿತ್ತ ನೆತ್ತಿಗೇರಿತು. "ನನ್ನ ಮೇಲೇ ಕೇಸಾ? ವರ್ಷಗಟ್ಟಲೆ ಎಳೆದಾಡಿಸ್ತೀನಿ, ನೋಡ್ತಿರಿ" ಎಂದು ವಕೀಲರ ಮುಂದೆ ಹಾರಾಡಿದ.

ತಮಾಷೆ ಏನು ಗೊತ್ತೇ? ಅವನೂ ಒಬ್ಬರ ಮೇಲೆ ಕೇಸು ಹಾಕಿದ್ದ! ನಗರದ ದೊಡ್ಡ ಹೋಟೆಲಿನ ಮಾಲೀಕ ಇವನಿಂದ ಸಿಹಿ ತರಿಸಿಕೊಂಡು ಹಣ ಕೊಟ್ಟಿರಲಿಲ್ಲ. ಎರಡು ಕೇಸೂ ಒಂದೇ ದಿನ ಕೋರ್ಟಿನಲ್ಲಿ ರಾಜಿ ಮಾತುಕತೆಗೆ ಬಂದವು. ಕೊಠಡಿಯ ಹೊರಗೆ ಒಂದು ಬೆಂಚಿನ ಮೇಲೆ ಶ್ರೀಮಂತ, ಎದುರು ಬೆಂಚಿನ ಮೇಲೆ ಡಬ್ಬಿಯ ಹೆಂಗಸು. ಇವನು ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಹೋಟೆಲಿನ ಮ್ಯಾನೇಜರು ಬಂದು ಕೈ ಮುಗಿದ. "ಹಣ ಕೊಡೋಕೆ ನಮ್ಮ ಸಾಹೇಬರು ಒಪ್ಪಿದಾರೆ ಸಾರ್. ಆದ್ರೆ ಇವತ್ತು ಬೇಡ ಅಂದ್ರು. ಅಮಾವಾಸ್ಯೆ ನೋಡಿ, ಲಕ್ಷ್ಮೀನ ಹೊರಗೆ ಕಳಿಸಬಾರದಂತೆ."

ಶ್ರೀಮಂತ ಧಿಗ್ಗನೆ ಎದ್ದ. "ಅಮಾವಾಸ್ಯೆ ಆದ್ರೆ ಏನ್ರೀ? ಅದು ನಿಮ್ಮ ಲಕ್ಷ್ಮಿ ಅಲ್ಲ, ನನ್ನ ಲಕ್ಷ್ಮಿ! ನಿಮ್ಮನೇಲಿ ಕೂಡಿಹಾಕ್ಕೊಂಡಿದೀರಿ. ಅವಳನ್ನ ಅವಳ ಮನೆಗೆ ಕಳಿಸೋಕೆ ಮುಹೂರ್ತ ಬೇಕೇನ್ರೀ?"

ಎದುರು ಬೆಂಚಿನಿಂದ ಒಂದು ನಗು ಕೇಳಿಸಿತು.

"ಎಷ್ಟು ಚೆನ್ನಾಗಿ ಹೇಳಿದ್ರಿ ಯಜಮಾನ್ರೇ! ನಮ್ಮ ಲಾಯರಿಗೂ ಹಿಂಗೆ ಹೇಳೋಕೆ ಬರಲ್ಲ. ಒಳಗೆ ಬಂದು ನನ್ನ ಪರವಾಗಿ ಇನ್ನೊಂದು ಸಲ ಹೇಳಿಬಿಡಿ."

ಶ್ರೀಮಂತ ಇನ್ನು ಏನು ಹೇಳುತ್ತಾನೆ? ಹೇಳುವುದನ್ನೆಲ್ಲ ಅವನೇ ಹೇಳಿಯಾಗಿದೆ! ನಾಚಿಕೆಯಿಂದ ಅವನ ಕಿವಿ ಕೆಂಪಾದವು. ಆಮೇಲೆ ಅವನಿಗೂ ನಗು ಬಂತು. ಒಳಗೆ ಹೋದವನು ವಾದ ಮಾಡಲಿಲ್ಲ, ವಾಯಿದೆ ಕೇಳಲಿಲ್ಲ. ಅಮಾವಾಸ್ಯೆಯ ದಿನವೇ, ಸರಿಯಾಗಿ ರಾಹುಕಾಲದಲ್ಲಿ, ಬಡ್ಡಿ ಸಮೇತ ಚೆಕ್ ಬರೆದುಕೊಟ್ಟ. ಅವಳ ಯಂತ್ರ ಉಳಿಯಿತು.

ಹೋಟೆಲಿನವನು ಇವನಿಗೆ ಕೊಟ್ಟನೇ? ಇಲ್ಲ, ಆ ಕೇಸು ಇನ್ನೂ ನಡೆಯುತ್ತಿದೆ. ನನಗೆ ಬಂದ ಮೇಲೆ ನಿನಗೆ ಕೊಡುತ್ತೇನೆ ಅಂತ ಇವನು ಅನ್ನಲಿಲ್ಲ, ಅದೇ ದೊಡ್ಡದು.

ನಗುತ್ತಿದ್ದೀರಿ, ಸಂತೋಷ. ಈಗ ಹೇಳಿ, ಬ್ಲೌಸು ಹೊಲಿದವಳಿಗೆ ಕೊಟ್ಟಾಯಿತೇ? ಮಗಳ ಮದುವೆಗೆ ಹೂವು ತಂದವನಿಗೆ? ಮನೆಗೆ ಬಣ್ಣ ಬಳಿದವನಿಗೆ? ಬ್ಯಾಂಕಿನಲ್ಲಿ ಇಟ್ಟ ಹಣವೆಲ್ಲ ನಿಮ್ಮದಲ್ಲ ತಾಯಿ, ಅದರಲ್ಲಿ ಇನ್ನೊಬ್ಬರ ಒಲೆಯ ಬೆಂಕಿ ಇದೆ. ಅವರು ಕೋರ್ಟಿನ ಮೆಟ್ಟಿಲು ಹತ್ತುವವರೆಗೆ ಕಾಯಬೇಡಿ. ಕೇಳಲು ಬರುವ ಮೊದಲೇ, ನೀವೇ ಅವರ ಬಾಗಿಲಿಗೆ ಹೋಗಿ ಕೊಡಿ. ತಡವಾಗಿದ್ದರೆ ತಪ್ಪಾಯಿತು ಅನ್ನಿ, ಬಾಯೇನೂ ಸವೆಯುವುದಿಲ್ಲ.

ಮುಂದಿನ ಸಾಲಿನಲ್ಲಿ ಕುಳಿತ ಉತ್ಸವ ಸಮಿತಿಯವರೇ, ಈ ಮೈಕಿನವರಿಗೆ, ಆ ಶಾಮಿಯಾನದವರಿಗೆ ಕೊಟ್ಟಿರಾ? ತಲೆ ತಗ್ಗಿಸಬೇಡಿ. ಎದ್ದು ಹೋಗಿ ಕೊಟ್ಟು ಬನ್ನಿ. ಮಂಗಳಾರತಿ ಆಮೇಲೆ ಮಾಡೋಣ. ದೇವರು ಕಾಯುತ್ತಾನೆ, ಅವನಿಗೆ ಬ್ಯಾಂಕಿನ ಕಂತಿಲ್ಲ.